ಮಿಣುಕು ಮಾಸ್ತರ

ವಿಜಯಪುರದ ಬಬಲೇಶ್ವರ ನಾಕಾದ ಆಸುಪಾಸಿನ ಯಾವ ಗಲ್ಲಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಗಣಿತ ಕಲಿಸಿ ನಿವೃತ್ತರಾದವರು. ಕೈಯಲ್ಲಿ ನೂರು ಪುಟದ ವಹಿ, ಕಿವಿಯ ಮೇಲೆ ಪೆನ್ಸಿಲ್ಲು, ಕಣ್ಣು ಮಾತ್ರ ಸದಾ ಕರೆಂಟಿನ ಮೀಟರ್ ಕಡೆಗೆ. ನಮ್ಮ ಗಲ್ಲಿಯವರಿಗೆ ಹುಡುಗರು ಇಟ್ಟ ಹೆಸರು ಮಿಣುಕು ಮಾಸ್ತರ.

ಅವರ ಮನೆಯ ಮೀಟರಿನ ಕೆಂಪು ದೀಪದ ಪಕ್ಕದಲ್ಲಿ 3200 ಎಂದು ಸಣ್ಣಗೆ ಬರೆದಿದೆ. ನಾವು ನೀವು ಓದುವುದು ಬಿಲ್ಲನ್ನು, ಮಾಸ್ತರರು ಈ ಅಂಕಿಯನ್ನೂ ಓದಿದ್ದಾರೆ. ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಎಂದು ಎಣಿಸಿ, ಅದರಿಂದ 1125ನ್ನು ಭಾಗಿಸಿದರೆ ಆ ಹೊತ್ತಿಗೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ಗೊತ್ತಾಗುತ್ತದೆ. ಹದಿನೈದು ಸೆಕೆಂಡಿಗೊಮ್ಮೆ ಮಿಣುಕಿದರೆ 75 ವ್ಯಾಟ್, ಅಂದರೆ ಹಳೇ ನಮೂನೆಯ ಒಂದು ಫ್ಯಾನು. ಪ್ಲಗ್ಗಿಗೆ ಸಿಕ್ಕಿಸಿದರೆ ತಾನೇ ಅಂಕಿ ತೋರಿಸುವ ಯಂತ್ರ ಸಿಗುತ್ತದಲ್ಲ ಎಂದರೆ, "ಅದು ಗೈಡ್ ನೋಡಿ ಲೆಕ್ಕಾ ಬಿಡಿಸಿದಂಗ" ಎಂದು ಮುಖ ತಿರುಗಿಸುತ್ತಾರೆ.

ಈ ಎಣಿಕೆಯ ಚಟ ಅಂಟಿಕೊಂಡದ್ದು ಸರಕಾರದ ಗೃಹಜ್ಯೋತಿ ಯೋಜನೆಯ ಕಾಲಕ್ಕೆ. 2023ರ ಜುಲೈ ತಿಂಗಳ ಬಳಕೆಯಿಂದ ಸೊನ್ನೆ ಬಿಲ್ಲು ಶುರುವಾಯಿತು. 200 ಯೂನಿಟ್ ಪುಕ್ಕಟೆ ಎಂದು ಊರೆಲ್ಲ ಹಿಗ್ಗಿದ್ದಾಗ ಷರತ್ತನ್ನು ಪೂರ್ತಿ ಓದಿದವರು ಮಾಸ್ತರರು. 2022-23ರ ತಿಂಗಳ ಸರಾಸರಿ ಎಷ್ಟೋ, ಅದರ ಮೇಲೆ ಶೇಕಡಾ ಹತ್ತು; ಪುಕ್ಕಟೆ ಅಷ್ಟೇ. ಆ ವರ್ಷ ಮಾಸ್ತರರ ಮನೆಯಲ್ಲಿ ಸಂಜೆ ಏಳರ ತನಕ ದೀಪ ಹಚ್ಚುತ್ತಿರಲಿಲ್ಲ, ಸ್ನಾನದ ನೀರು ಬಚ್ಚಲ ಒಲೆಯ ಮೇಲೆ ಕಾಯುತ್ತಿತ್ತು. ಸರಾಸರಿ ಅರವತ್ತು. ಸಿಕ್ಕಿದ್ದು ಅರವತ್ತಾರು. ಹಗಲೂ ದೀಪ ಆರಿಸದ ಎದುರುಮನೆಯ ಗುತ್ತಿಗೆದಾರನ ಸರಾಸರಿ ನೂರಾ ಎಪ್ಪತ್ತು.

"ಉಡಾಯಿಸಿದವಗ ನೂರಾ ಎಂಬತ್ತೇಳು, ಉಳಿಸಿದವಗ ಅರವತ್ತಾರು! ಇದ್ಯಾವ ಗಣಿತರೀ ಸರ?" ಎಂದು ನನ್ನನ್ನು ತಡೆದು ಕೇಳಿದರು. ನಾನು ಸುಮ್ಮನಿದ್ದೆ. ಆ ವರ್ಷ ನಮ್ಮ ಮನೆಯ ಸರಾಸರಿ ಭಾಳ ಚಲೋ ಇತ್ತು.

ಇಷ್ಟರಲ್ಲಿ ಮಗ ಬೆಂಗಳೂರಿನ ಬಾಡಿಗೆಗೆ ಬೇಸತ್ತು, ಮನೆಯಿಂದಲೇ ಕೆಲಸವೆಂದು ಕಂಪ್ಯೂಟರ್ ಹೊತ್ತುಕೊಂಡು ಊರಿಗೆ ಬಂದ. ಒಂದು ಸಿಪಿಯು, ಎರಡು ಮಾನಿಟರ್, ಯುಪಿಎಸ್, ರೌಟರ್. ಅಪ್ಪನಿಗೆ ಮುಪ್ಪಿನಲ್ಲಿ ಸುಖವಿರಲೆಂದು ಜೊತೆಗೊಂದು ಗೀಸರ್. ಅಂದು ರಾತ್ರಿ ಮಾಸ್ತರರು ಫ್ರಿಜ್ಜು, ಫ್ಯಾನು, ದೀಪ ಎಲ್ಲ ಬಂದ್ ಮಾಡಿಸಿ, ಹೆಂಡತಿಯನ್ನು ಕತ್ತಲಲ್ಲಿ ಕೂಡಿಸಿ, ಮೀಟರಿನ ಮುಂದೆ ನಿಂತರು.

"ತಮ್ಮಾ, ಈಗ ಬರೇ ಡಬ್ಬಿ ಹಚ್ಚು... ಈಗ ಒಂದ ಟಿವಿ ಹಚ್ಚು..."

"ಟಿವಿ ಅಲ್ಲಪ್ಪಾ, ಮಾನಿಟರ್."

"ಏನರ ಇರಲಿ, ಹಚ್ಚು."

ಡಬ್ಬಿ 90, ಮಾನಿಟರ್ ತಲಾ 25, ಯುಪಿಎಸ್ ಸುಮ್ಮನೆ ಕೂತು ತಿನ್ನುವುದು 10, ರೌಟರ್ 10. ಒಟ್ಟು 160. ಮರುದಿನದಿಂದ ಕತ್ತರಿ ಪ್ರಯೋಗ. ಎರಡನೇ ಮಾನಿಟರ್ ಅಟ್ಟಕ್ಕೆ ಹೋಯಿತು. ಆಟ ಆಡಲಿಕ್ಕೆಂದು ಕೂಡಿಸಿದ್ದ ಗ್ರಾಫಿಕ್ಸ್ ಕಾರ್ಡ್ ಕಿತ್ತದ್ದಕ್ಕೆ ಮೂವತ್ತು ವ್ಯಾಟ್ ಉಳಿಯಿತು. ಉಳಿದ ಮಾನಿಟರಿನ ಬೆಳಕು ಇಳಿಸಿದ್ದಕ್ಕೆ ಐದು. ಕಪ್ಪು ಚಿತ್ರ ಹಾಕಿದರೆ ಕರೆಂಟ್ ಉಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಪರದೆಯನ್ನೆಲ್ಲ ಕಪ್ಪು ಮಾಡಿಸಿದರು. ಮಿಣುಕು ಒಂದಿಷ್ಟೂ ನಿಧಾನವಾಗಲಿಲ್ಲ. ಎಲ್‌ಸಿಡಿ ಪರದೆಯಲ್ಲಿ ಚಿತ್ರ ಕಪ್ಪಿದ್ದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪಿನಿಂದ ಉಳಿತಾಯವಾಗುವುದು ಒಎಲ್‌ಇಡಿಯಲ್ಲಿ ಎಂದು ಮಗ ತಿಳಿಸಿ ಹೇಳಿದ. ಸ್ಕ್ರೀನ್ ಸೇವರ್ ಎಂಬುದೂ ಕರೆಂಟ್ ಸೇವ್ ಮಾಡುವುದಿಲ್ಲವೆಂದು ತಿಳಿದ ದಿನ ಮಾಸ್ತರರಿಗೆ ಇಂಗ್ಲಿಷ್ ಮೇಲಿನ ವಿಶ್ವಾಸವೇ ಹೋಯಿತು.

ಇದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಸ್ಥಾವರವಿದೆ, ಆಲಮಟ್ಟಿಯಲ್ಲಿ ಕೃಷ್ಣೆ 290 ಮೆಗಾವ್ಯಾಟಿನ ಯಂತ್ರ ತಿರುಗಿಸುತ್ತಾಳೆ. ಮಾಸ್ತರರು ಬೆನ್ನು ಹತ್ತಿದ್ದು ಮಾತ್ರ ಹತ್ತು ವ್ಯಾಟಿನ ರೌಟರನ್ನು. ಹಗಲು ರಾತ್ರಿ ಉರಿದರೆ ತಿಂಗಳಿಗೆ ಏಳು ಯೂನಿಟ್ ಮೇಲೆ! ಒಂದು ರಾತ್ರಿ ಒಂಬತ್ತೂವರೆಗೆ ಅದರ ಪ್ಲಗ್ ಕಿತ್ತರು. ಒಳಗೆ ಮಗ ಅಮೆರಿಕದ ಸಾಹೇಬನೊಡನೆ ಮೀಟಿಂಗಿನಲ್ಲಿದ್ದ.

"ಅವರಿಗೆ ಹಗಲಂತ ನಮ್ಮನ್ಯಾಗ ರಾತ್ರಿ ಯಾಕ ಯೂನಿಟ್ ಸುಡಬೇಕೋ?"

ಹೆಚ್ಚಾದ ಯೂನಿಟ್ಟಿನ ದುಡ್ಡು ತಾನೇ ಕಟ್ಟುವೆನೆಂದು ಮಗ ಅಂಗಲಾಚಿದ. ದುಡ್ಡಿನ ಮಾತೇ ಅಲ್ಲ ಅದು. ದುಡ್ಡಿನ ಮಾತಾಗಿದ್ದರೆ ಎಂದೋ ಬಗೆಹರಿಯುತ್ತಿತ್ತು.

ಟಿಕೋಟಾದಲ್ಲಿ ದ್ರಾಕ್ಷಿ ತೋಟವಿರುವ ತಮ್ಮನ ಮುಂದೆಯೂ ವಹಿ ಬಿಚ್ಚಿದರು. ತಮ್ಮ ತನ್ನ ಹತ್ತು ಎಚ್‌ಪಿ ಮೋಟರಿನತ್ತ ಕೈ ತೋರಿಸಿದ. "ಅಣ್ಣಾ, ನಿನ್ನ ರೌಟರ್ ಒಂದ ತಿಂಗಳ ಪೂರ್ತಿ ಕುಡಿಯೋದನ್ನ ಇದು ಒಂದ ತಾಸಿನ್ಯಾಗ ಕುಡೀತೈತಿ."

"ಮೋಟರ್ ದ್ರಾಕ್ಷಿ ಕೊಡತೈತಿ. ರೌಟರ್ ಏನ ಕೊಡತೈತಿ?"

"ನಿನ್ನ ಮಗನ ಪಗಾರ."

ಆ ಲೆಕ್ಕ ವಹಿಗೆ ಏರಲಿಲ್ಲ.

ಕೊನೆಗೂ 160 ಹೋಗಿ 100ಕ್ಕೆ ಇಳಿಯಿತು. ಹತ್ತು ತಾಸಿನ ಕೆಲಸಕ್ಕೆ ಸರಿಯಾಗಿ ಒಂದು ಯೂನಿಟ್. ಆ ಸಂತೋಷವನ್ನು ಗಲ್ಲಿಗೆಲ್ಲ ಹಂಚಿ ಬಂದ ಮಾಸ್ತರರಿಗೆ ಅವರ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದರು: "ಏನ್ರೀ, ಹುಡುಗ ದಿನಾ ಪೂರ್ತಿ ದುಡದು ಒಂದ ಯೂನಿಟ್ ಸುಡತಾನ. ನಿಮ್ಮ ಗೀಸರ್ ಮ್ಯಾಲ ಎರಡ ಸಾವಿರ ವ್ಯಾಟ್ ಅಂತ ಬರದಾರಲಾ, ಅರ್ಧ ತಾಸಿಗೆ ಅದು ಎಷ್ಟ್ ಸುಡತೈತ್ರೀ?"

ಗಣಿತದ ಮಾಸ್ತರರು ಬಾಯಿಲೆಕ್ಕದಲ್ಲೇ ಹೇಳಬಹುದಾದ ಉತ್ತರ. ಆದರೂ ಪದ್ಧತಿ ಬಿಡಬಾರದೆಂದು ಮೀಟರಿನ ಮುಂದೆ ನಿಂತು, ಗೀಸರ್ ಹಚ್ಚಲು ಕೂಗಿ ಹೇಳಿದರು. ಕೆಂಪು ದೀಪಕ್ಕೆ ಹುಚ್ಚು ಹಿಡಿಯಿತು. ಇವರು ಒಂದು ಎನ್ನುವಷ್ಟರಲ್ಲಿ ಅದು ಎರಡಾಗಿರುತ್ತಿತ್ತು. ಮತ್ತೆ ಮತ್ತೆ ಎಣಿಸಲು ನೋಡಿ ಪೆನ್ಸಿಲ್ಲನ್ನು ಕಿವಿಗೇರಿಸಿ, ವಹಿ ಮುಚ್ಚಿದರು.

"ಇದು ಎಣಸಾಕ ಬರಂಗಿಲ್ಲ ಬಿಡು. ಅಂದಾಜಿನ ಅಂಕಿ ನಾ ವಹಿಯೊಳಗ ಬರಿಯಂಗಿಲ್ಲ" ಎಂದು ಟಾವೆಲ್ ತೆಗೆದುಕೊಂಡು ಬಚ್ಚಲಿಗೆ ನಡೆದರು.