ಕೈಜಾರಿದರೆ ಬಾಂಬು ಹೋಯ್ತು!

ನಾಣ್ಯ, ಅಂಚೆಚೀಟಿ ಕೂಡಿಡುವವರನ್ನು ಮನೆಮಂದಿ ಹೇಗೋ ಸಹಿಸಿಕೊಳ್ಳುತ್ತಾರೆ. ಯುರೋಪಿನ ಕೆಲವರ ಶೋಕೇಸಿನಲ್ಲಿ ಕೂತಿರುವುದು ನೆಲಬಾಂಬು, ಅದೂ ಗಾಜಿನದ್ದು!

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನ್ನರು ತಯಾರಿಸಿದ ಇದರ ಹೆಸರು ಗ್ಲಾಸ್‌ಮಿನೆ 43. ಎದುರಾಳಿಯ ಲೋಹಶೋಧಕ ಎಷ್ಟು ತಡಕಾಡಿದರೂ ಸುಲಭಕ್ಕೆ ಸುಳಿವು ಸಿಗಬಾರದು ಎಂಬುದು ಲೆಕ್ಕಾಚಾರ. ದಪ್ಪ ಗಾಜಿನ ಬೋಗುಣಿ, ಒಳಗೆ 200 ಗ್ರಾಂ ಸಿಡಿಮದ್ದು, ಮೇಲೆ ತೆಳುಗಾಜಿನ ಬಿಲ್ಲೆ, ಅದಕ್ಕೊಂದು ಗಾಜಿನ ಮುಚ್ಚಳ. ಕಾಲಿಟ್ಟರೆ ಬಿಲ್ಲೆ ಪುಡಿ, ಭಾರವೆಲ್ಲ ಫ್ಯೂಜಿನ ತಲೆಗೆ.

ಮದ್ದು ತೆಗೆದ ಬೋಗುಣಿಯನ್ನು ನೋಡಿದ ನೆಂಟರು ಉಪ್ಪಿನಕಾಯಿಗೆ ಚೆನ್ನಾಗಿದೆ ಎಂದಾರು. ಸಂಗ್ರಾಹಕನ ಜೀವ ಮಾತ್ರ ಫ್ಯೂಜಿನ ಮೇಲೆ. ಅದರಲ್ಲಿ ಎರಡು ಬಗೆ. ಒಂದು, ಸನ್ನೆಗೋಲಿನಿಂದ ನಡೆಯುವ ಹೆಬೆಲ್‌ತ್ಸ್ಯುಂಡರ್ 44. ಇನ್ನೊಂದು, ಬುಕ್ ರಾಸಾಯನಿಕ ಫ್ಯೂಜು: ತೆಳು ಅಲ್ಯುಮಿನಿಯಂ ಕವಚ ನುಗ್ಗಾದರೆ ಒಳಗಿನ ಗಾಜಿನ ಗುಳಿಗೆ ಒಡೆದು, ಗಂಧಕಾಮ್ಲ ಪುಡಿಗೆ ತಾಗಿ ಭುಗ್!

ಒಡೆಯಲೆಂದೇ ಹುಟ್ಟಿದ ಬಿಲ್ಲೆ ಒಡೆಯದೆ ಸಿಗಬೇಕೆಂಬುದು ಈ ಹವ್ಯಾಸದ ತಮಾಷೆ. ಬಾಂಬು ಕೈಜಾರಿ ಬಿದ್ದರೆ ಮನೆಯ ಗತಿಯೇನೆಂದು ಊರು ನಡುಗಿದರೆ, ಬಾಂಬಿನ ಗತಿಯೇನೆಂದು ನಡುಗುವವರು ಇವರು ಮಾತ್ರ. ಧೂಳು ಒರೆಸಲೂ ಬೇರೆಯವರನ್ನು ಬಿಡರು.

ಹಾಗೆಂದು ಆ ಯುದ್ಧದ ರಣರಂಗವಾಗಿದ್ದ ಜರ್ಮನಿಯ ಹ್ಯೂರ್ಟ್‌ಗೆನ್ ಕಾಡಿನಲ್ಲಿ ಗಾಜು ಹೊಳೆದರೆ ಬಗ್ಗಿ ಎತ್ತಿಕೊಳ್ಳುವಂತಿಲ್ಲ. ಗಾಜಿಗೆ ತುಕ್ಕಿಲ್ಲ, ಹಳೇ ಮದ್ದಿಗೆ ಮರೆವಿಲ್ಲ. ಅಲ್ಲಿ ಮುಟ್ಟದೆ ಹಿಂದೆ ಸರಿದು ಪೊಲೀಸರಿಗೆ ಫೋನು ಮಾಡುವುದೇ ಪದ್ಧತಿ.