ಕಪ್ಪಾದ ಕಪ್ಪು

ಲಗ್ಗೆರೆಯ ಒಂದು ಪ್ಲೇಟಿಂಗ್ ಅಂಗಡಿ. ಬುಲೆಟ್ ಬೈಕಿನ ಸೈಲೆನ್ಸರಿಗೂ ಯಾವುದೋ ದೇವಸ್ಥಾನದ ಜೋಡಿ ದೀಪಕ್ಕೂ ನಡುವೆ, ಎರಡು ಕಾಲೇಜುಗಳ ಫುಟ್‌ಬಾಲ್ ರೋಲಿಂಗ್ ಕಪ್ಪು ಕೂತಿದೆ. ಒಂದು ಕಿವಿ ಮುರಿದಿದೆ. ನಿಕ್ಕಲ್ ಎದ್ದುಹೋಗಿ ಹಿತ್ತಾಳೆ ಮೈ ಕಪ್ಪಿಟ್ಟಿದೆ. ಮಾತಿಗೇನೂ ಕೊರತೆಯಿಲ್ಲ.

ಇಲ್ಲಿಗೆ ಬಂದು ಎಷ್ಟು ದಿನವಾಯಿತು?

ಯುಗಾದಿಗೆ ಮುಂಚೆ ಬಂದೆ ಸಾರ್. ಹಳೇ ನಿಕ್ಕಲ್ ಕಿತ್ತು, ಬಫಿಂಗ್ ಮಾಡಿ, ಹೊಸದು ಹಾಕೋದು ಎರಡು ದಿನದ ಕೆಲಸ. ಅಡ್ವಾನ್ಸ್ ಬರಬೇಕಲ್ಲ? ನನ್ನನ್ನು ಇಟ್ಟುಕೊಂಡಿದ್ದವರು ‘ಗೆದ್ದವರು ಕೊಡಲಿ’ ಅಂದರು. ಅತ್ತಲವರು ‘ಕಪ್ಪಾಗಿದ್ದು ಯಾರ ಬೀರು ಮೇಲೆ?’ ಅಂದರು. ಇಷ್ಟು ಚೆನ್ನಾಗಿ ಪಾಸ್ ಮಾಡಿದ್ದನ್ನು ಆಟದಲ್ಲೂ ನಾನು ನೋಡಿಲ್ಲ.

ಬೀರು ಮೇಲಿನ ದಿನಗಳು ಹೇಗಿದ್ದವು?

ಹೊಟ್ಟೆಯೊಳಗೆ ಸೀಮೆಸುಣ್ಣದ ತುಂಡು, ರಬ್ಬರ್ ಬ್ಯಾಂಡು, ಯಾವ ಬೀಗದ್ದೋ ಗೊತ್ತಿಲ್ಲದ ಮೂರು ಕೀ. ಆಯುಧಪೂಜೆಗೆ ಹಾಕಿದ ಸೇವಂತಿಗೆ ಹಾರ ಮುಂದಿನ ಆಯುಧಪೂಜೆವರೆಗೂ ಕತ್ತಿನಲ್ಲೇ. ‘ವರ್ಷದೊಳಗೆ ಹಿಂದಿರುಗಿಸುತ್ತೇವೆ’ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದರು. ಅದನ್ನೂ ನನ್ನ ಹೊಟ್ಟೆಯೊಳಗೇ ಇಟ್ಟಿದ್ದರು.

ಎದುರಾಳಿಗಳು ಕದ್ದೊಯ್ಯಲು ನೋಡಲಿಲ್ಲವೆ?

ಅಂಥ ಪುಣ್ಯ ನನಗೆಲ್ಲಿ? ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ಕಾಲೇಜಿನವರದ್ದೊಂದು ಕೊಡಲಿ ಇದೆ. 1899ರಲ್ಲಿ ಎದುರಾಳಿ ಬರ್ಕ್ಲಿ ಕಾಲೇಜಿನ ಹುಡುಗರು ಅದನ್ನು ಹೊಡೆದುಕೊಂಡು ಹೋಗಿ ಬ್ಯಾಂಕ್ ಲಾಕರಿನಲ್ಲಿಟ್ಟರು. 1930ರಲ್ಲಿ ಸ್ಟ್ಯಾನ್‌ಫರ್ಡಿನ ಇಪ್ಪತ್ತೊಂದು ಜನ ಹೊಂಚು ಹಾಕಿ ವಾಪಸ್ ಕಿತ್ತುಕೊಂಡರು. ಅವರಲ್ಲಿ ಕೆಲವರು ಪತ್ರಿಕೆ ಫೋಟೋಗ್ರಾಫರ್ ವೇಷದಲ್ಲಿ ಬಂದಿದ್ದರಂತೆ. (ಇಲ್ಲಿ ನಾನು ಗುರುತಿನ ಚೀಟಿ ತೋರಿಸಬೇಕಾಯಿತು.) 1933ರಿಂದ ಆ ಕೊಡಲಿಯೇ ಇಬ್ಬರ ಫುಟ್‌ಬಾಲ್ ಪಂದ್ಯದ ಬಹುಮಾನ. ಅವರ ಫುಟ್‌ಬಾಲನ್ನು ಹೆಚ್ಚಾಗಿ ಆಡೋದು ಕೈಯಲ್ಲಿ, ಅದಿರಲಿ. ನನ್ನ ಬೀರುವಿನ ಕೋಣೆಗೆ ಬೀಗವೇ ಇರಲಿಲ್ಲ. ಒಬ್ಬನೂ ಬರಲಿಲ್ಲ ಸಾರ್.

ನಮ್ಮ ದೇಶದ ದೊಡ್ಡ ಕಪ್ಪುಗಳ ಪರಿಚಯ ಉಂಟೆ?

ಸಂತೋಷ್ ಟ್ರೋಫಿ ನಮ್ಮ ದೊಡ್ಡಮ್ಮ. 1941ರಿಂದ ಊರೂರು ತಿರುಗ್ತಾಳೆ. 1968-69ರಲ್ಲಿ ಮೈಸೂರು ತಂಡ, ಅಂದರೆ ಈಗಿನ ಕರ್ನಾಟಕ, ಬಂಗಾಳವನ್ನು ಸೋಲಿಸಿ ಮನೆಗೆ ಕರೆತಂದಿತ್ತು. ಮತ್ತೆ ಬಂದಿದ್ದು 2023ರ ಮಾರ್ಚಿನಲ್ಲಿ. ಮೇಘಾಲಯವನ್ನು 3-2ರಲ್ಲಿ ಸೋಲಿಸಿ, ಅದೂ ರಿಯಾದಿನಲ್ಲಿ! ಐವತ್ನಾಲ್ಕು ವರ್ಷ ತವರಿಗೆ ಬಾರದವಳನ್ನು ಕರೆಯೋಕೆ ಸೌದಿಗೆ ಹೋಗಬೇಕಾಯ್ತು. ಅದೇ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಸಂಪಂಗಿ ಕಪ್ಪು ಅಂತ ಇದೆ. ಸಂಪಂಗಿ ಮೈಸೂರಿನ ಆಟಗಾರ. ಅವರ ನೆನಪಿಗೆ ಕಪ್ಪು ಕೊಟ್ಟಿದ್ದು ಮೈಸೂರು ಫುಟ್‌ಬಾಲ್ ಸಂಸ್ಥೆ. ಮೂರನೇ ಸ್ಥಾನಕ್ಕೇ ಹೋಗಿ ಕೊಟ್ಟರಲ್ಲ, ನಮ್ಮವರ ಮುಂದಾಲೋಚನೆ ನೋಡಿ.

ಈ ವರ್ಷದ ಪಂದ್ಯ ಯಾವ ಮೈದಾನದಲ್ಲಿ?

ಮೈದಾನಾನಾ? ಎರಡೂ ಕಾಲೇಜು ನಾಲ್ಕು ಅಂತಸ್ತು, ಕೆಳಗೆ ಬೈಕ್ ಪಾರ್ಕಿಂಗು. ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆ ಹಿಡಿದು ಐದೈದು ಜನ ಆಡ್ತಾರೆ. ಕಳೆದ ಸಲ 2-2 ಇದ್ದಾಗ ಗಂಟೆ ಮುಗೀತು. ಟರ್ಫಿನವನು ಲೈಟ್ ಆರಿಸಿದ. ಕತ್ತಲಲ್ಲಿ ಯಾರೋ ಒದ್ದರು, ಬಲೆ ಅಲ್ಲಾಡಿದ ಸದ್ದಾಯ್ತು. ಯಾವ ಕಡೆ ಬಲೆ ಅಂತ ಇವತ್ತಿಗೂ ಜಗಳ.

ಹಾಗಾದರೆ ಗೆದ್ದವರು?

ಬೆಳಗಾಗೋದರೊಳಗೆ ಇಬ್ಬರೂ ಗೆದ್ದಿದ್ದೇವೆ ಅಂತ ಫ್ಲೆಕ್ಸ್ ಕಟ್ಟಿದ್ದರು. ಈ ಅಂಗಡಿಯವನು ಬಿಲ್ ತೋರಿಸಿದ ಮಧ್ಯಾಹ್ನ ಎರಡೂ ಫ್ಲೆಕ್ಸ್ ಇಳಿದವು.

ಅಷ್ಟರಲ್ಲಿ ಅಂಗಡಿ ಹುಡುಗ ಬಂದ. ಕಪ್ಪಿನೊಳಗೆ ಕೈಹಾಕಿ ನಾಲ್ಕು ಸ್ಕ್ರೂ ಆರಿಸಿಕೊಂಡ. ಉಳಿದಿದ್ದ ಒಂದು ಕಿವಿಗೆ ಹೆಲ್ಮೆಟ್ ನೇತುಹಾಕಿ ಟೀಗೆ ಹೋದ.