ತುಂಬಿದರೆ ಬಾಗಿನ, ತುಳುಕಿದರೆ ಡಂಗುರ

ಮೊದಲು ಒಂದು ಸಣ್ಣ ಲೆಕ್ಕ ಮುಗಿಸಿಬಿಡೋಣ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ನೀರು ಬಿಡಿ ಎಂದಿತು. ಅದು ಮುಗಿಯುವ ಹೊತ್ತಿಗೆ ಇನ್ನೊಂದು 15 ದಿನ ಎಂದಿತು. ನಾಡು ಕೊತಕೊತ ಕುದಿಯಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಮಂಡ್ಯದಲ್ಲಿ ರಸ್ತೆ ತಡೆ, ಖಾಲಿ ಕೊಡಗಳ ಮೆರವಣಿಗೆ, ಪ್ರತಿಕೃತಿ ದಹನ. 5,000 ಕ್ಯೂಸೆಕ್ 15 ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ ಆಗುತ್ತದೆ. ಮರುವರ್ಷ ಜುಲೈ ಕೊನೆಗೆ ಕೆಆರ್‌ಎಸ್‌ನ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ಆ ವೇಗದಲ್ಲಿ ಅದೇ ಆರೂವರೆ ಟಿಎಂಸಿ ಹರಿದುಹೋಗಲು ಹದಿನೆಂಟು ಗಂಟೆ ಸಾಕು. ಯಾವ ನೀರಿಗಾಗಿ ಅಂಗಡಿ ಬಾಗಿಲು ಹಾಕಿಸಿದೆವೋ, ಅಷ್ಟು ನೀರು ಮಧ್ಯಾಹ್ನದ ಊಟಕ್ಕೆ ಕೂತು ಮರುದಿನ ಬೆಳಗಿನ ಕಾಫಿ ಕುಡಿಯುವಷ್ಟರಲ್ಲಿ ಶ್ರೀರಂಗಪಟ್ಟಣದ ಸೇತುವೆ ದಾಟಿತ್ತು.

ಆ ಹದಿನೆಂಟು ಗಂಟೆಯಲ್ಲಿ ಯಾರೂ ಬಂದ್ ಕರೆಯಲಿಲ್ಲ. ಕರೆದಿದ್ದರೂ ಬರುವವರು ಯಾರು? ಎಲ್ಲರೂ ಅಣೆಕಟ್ಟೆಯ ಎದುರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅತ್ತ ತಮಿಳುನಾಡಿನ ಮೆಟ್ಟೂರು ತನ್ನ 120 ಅಡಿ ಮುಟ್ಟಿ, ಹೆಚ್ಚಾದದ್ದನ್ನು ಕೊಳ್ಳಿಡಂ ಮೂಲಕ ಸಮುದ್ರಕ್ಕೆ ಕಳಿಸುತ್ತಿತ್ತು. ಬಿಳಿಗುಂಡ್ಲುವಿನಲ್ಲಿ ನಾವು ವರ್ಷಕ್ಕೆ ತೋರಿಸಬೇಕಾದ ಲೆಕ್ಕ 177.25 ಟಿಎಂಸಿ. ಒಳ್ಳೆಯ ಮಳೆಯ ವರ್ಷ ಅದಕ್ಕಿಂತ ಎಷ್ಟೇ ಹೆಚ್ಚು ಹೋದರೂ ಮುಂದಿನ ಬರದ ವರ್ಷಕ್ಕೆ ಒಂದು ಚೆಂಬೂ ಜಮೆ ಆಗುವುದಿಲ್ಲ. ನೀರಿಲ್ಲದಿದ್ದಾಗ ಹನಿ ಹನಿಗೂ ವಕೀಲರಿದ್ದಾರೆ. ನೀರು ಬಂದಾಗ ಅದನ್ನು ಕೇಳುವ ಒಬ್ಬ ಗುಮಾಸ್ತನೂ ಇಲ್ಲ.

ನಮ್ಮ ಜಲಾಶಯಗಳಿಗೆ ಇರುವುದು ಎರಡೇ ಸ್ಥಿತಿ, ಖಾಲಿ ಮತ್ತು ಭರ್ತಿ. ಖಾಲಿ ಆದರೆ ವಿರೋಧ ಪಕ್ಷದ ಹಬ್ಬ, ಭರ್ತಿ ಆದರೆ ಆಳುವ ಪಕ್ಷದ ಹಬ್ಬ. ನಡುವಿನ ಸ್ಥಿತಿ ಯಾರ ಪಕ್ಷಕ್ಕೂ ಸೇರಿಲ್ಲ. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ 124.80 ಅಡಿ ತುಂಬಿತು. ಇತಿಹಾಸದಲ್ಲೇ ಮೊದಲು ಎಂದು ಹಿಗ್ಗಿದೆವು, ಜೂನ್ 30ಕ್ಕೆ ಬಾಗಿನ ಕೊಟ್ಟೆವು. ಮುಖ್ಯಮಂತ್ರಿಗಳ ಕಾಲ್ಗುಣದ ಚರ್ಚೆಯೂ ಆಯಿತು. ಬರ ಬಂದಾಗ ಕಾಲ್ಗುಣ ಎಂದವರ ಬಾಯಿ ಮುಚ್ಚಿಸಲು ಮಳೆ ಬಂದಾಗಲೂ ಕಾಲ್ಗುಣವನ್ನೇ ಕರೆಯಬೇಕಾಗುತ್ತದೆ. ಪಾಪ, ಹವಾಮಾನ ಇಲಾಖೆಯ ಹೆಸರೇ ಬರುವುದಿಲ್ಲ. ಮುಂಗಾರಿನ ಮೂರು ತಿಂಗಳು ಬಾಕಿ ಇದೆ, ಕೊಡಗಿನಲ್ಲಿ ಆಷಾಢದ ಮಳೆ ಇನ್ನೂ ಹಿಡಿಯಬೇಕಿದೆ, ಮುಂದೆ ಬರುವುದನ್ನು ಎಲ್ಲಿ ಇಡುತ್ತೀರಿ ಎಂದು ಆ ದಿನ ಕೇಳಿದ್ದರೆ ಅಪಶಕುನ ಆಗುತ್ತಿತ್ತು. ಗೃಹಪ್ರವೇಶದಲ್ಲಿ ಹಾಲು ಉಕ್ಕಿದರಷ್ಟೇ ಶುಭ ಎಂದು ಕಲಿತ ನಾವು ಅದೇ ಶಾಸ್ತ್ರವನ್ನು ಜಲಸಂಪನ್ಮೂಲ ಇಲಾಖೆಗೂ ಅನ್ವಯಿಸಿದ್ದೇವೆ.

ಪರಿಚಯದ ನಿವೃತ್ತ ಇಂಜಿನಿಯರ್ ಒಬ್ಬರ ಹತ್ತಿರ ಈ ಮಾತು ತೆಗೆದೆ. ಅವರು ನಕ್ಕರು.

"ಸರ್, ಮಳೆಗಾಲದ ಯಾವ ತಿಂಗಳಲ್ಲಿ ಎಷ್ಟು ಮಟ್ಟ ಇಟ್ಟುಕೊಳ್ಳಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಅಂತ ರೂಲ್ ಕರ್ವ್ ಅನ್ನೋದು ಒಂದಿದೆ ಅಲ್ವಾ?"

"ಇದೆ ಸ್ವಾಮಿ, ಚೆನ್ನಾಗೇ ಇದೆ. ಆದರೆ ಇವು ನೀರಾವರಿಗೆ ಅಂತ ಕಟ್ಟಿದ ಅಣೆಕಟ್ಟೆಗಳು, ಪ್ರವಾಹ ತಡೆಯೋಕಲ್ಲ. ನಾನು ಜುಲೈನಲ್ಲಿ ಹತ್ತಡಿ ಖಾಲಿ ಬಿಟ್ಟೆ ಅಂತಿಟ್ಟುಕೊಳ್ಳಿ. ಜಲಾಶಯದ ಬಾಯಿ ಅಗಲ, ಹೆಚ್ಚು ನೀರು ಇರೋದೇ ಮೇಲಿನ ಅಡಿಗಳಲ್ಲಿ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ? 2023 ಮರೆತುಬಿಟ್ಟಿರಾ? 236 ತಾಲ್ಲೂಕಲ್ಲಿ 223 ಬರಪೀಡಿತ. ಹತ್ತಡಿ ಬಿಟ್ಟವನು ಯಾರು ಅಂತ ವಿಧಾನಸೌಧದಲ್ಲಿ ನನ್ನ ಹೆಸರು ಹಿಡಿದು ಕೂಗುತ್ತಿದ್ದರು."

"ತುಂಬಿಸಿ ಇಟ್ಟು, ಒಮ್ಮೆಲೇ ಬಿಟ್ಟು, ಕೆಳಗಿನ ಊರು ಮುಳುಗಿದರೆ?"

"ಅದಕ್ಕೆ ಮಳೆ ಕಾರಣ. ಮಳೆಯನ್ನ ಯಾರೂ ಸಸ್ಪೆಂಡ್ ಮಾಡೋಕಾಗಲ್ಲ."

ಇದಕ್ಕಿಂತ ಸ್ಪಷ್ಟವಾಗಿ ನಮ್ಮ ಜಲನೀತಿಯನ್ನು ಯಾವ ವರದಿಯೂ ಹೇಳಿಲ್ಲ. ಅವರನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಖಾಲಿ ಜಾಗ ಬಿಟ್ಟವನಿಗೆ ಶಿಕ್ಷೆ, ತುಳುಕಿಸಿದವನಿಗೆ ಶಾಲು ಎಂದಾದ ಮೇಲೆ ಯಾವ ಜಾಣ ಗೇಟು ಎತ್ತುತ್ತಾನೆ? ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಹಚ್ಚಿ ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ. ಕೆಂಪು ನೋಡಿದ ಕೂಡಲೇ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಮಕ್ಕಳಿಗೆ ಅರ್ಥವಾಗುವ ಆ ಬಣ್ಣ ಗೇಟಿನ ಹತ್ತಿರ ತಲುಪುವ ಹೊತ್ತಿಗೆ ಮಸುಕಾಗಿರುತ್ತದೆ. ಕೆಲವು ಸಲ ಮುಂಚಿತವಾಗಿ ಬಿಟ್ಟದ್ದೂ ಉಂಟು, ಇಲ್ಲವೆನ್ನಲಾರೆ. ಆದರೆ ಹಾಗೆ ಬಿಟ್ಟ ಅಧಿಕಾರಿಯ ಫೋಟೊ ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ. ಬಾಗಿನದ ಮೊರ ಹಿಡಿದವರ ಫೋಟೊ ಮಾತ್ರ ವರ್ಷಾ ವರ್ಷಾ ಬರುತ್ತದೆ.

ಈ ಮೊರದ ಮಹಿಮೆ ತಿಳಿಯಬೇಕಾದರೆ ಹೊಸಪೇಟೆಗೆ ಹೋಗಬೇಕು. 2024ರ ಆಗಸ್ಟ್ 10. ತುಂಗಭದ್ರೆ ಹೆಚ್ಚುಕಡಿಮೆ ತುಂಬಿ ನಿಂತಿದ್ದಳು. ಬರದ ಮರುವರ್ಷ, ರೈತರು ನಾಟಿಗೆ ಇಳಿದಿದ್ದರು. ಬಾಗಿನಕ್ಕೆ ಅರಿಶಿನ, ಕುಂಕುಮ, ಬಳೆ, ಕಣ, ಸೀರೆ ಎಲ್ಲ ಹೊಂದುವ ಹೊತ್ತು. ಆ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಿತ್ತು, ಅರವತ್ತಡಿ ಅಗಲದ ಗೇಟೇ ಕೊಚ್ಚಿಹೋಯಿತು. ಒಂದೇ ಬಾಯಿಯಿಂದ ಸುಮಾರು 35,000 ಕ್ಯೂಸೆಕ್. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಒಟ್ಟು ಗೇಟು 33. ಕಿತ್ತದ್ದು ಒಂದು, ತೆರೆದದ್ದು ಎಲ್ಲವೂ.

ಮುಖ್ಯಮಂತ್ರಿಗಳು 13ಕ್ಕೆ ಬಂದರು. ಮೊರ ಹಿಡಿದು ಅಲ್ಲ, ಪರಿಶೀಲನೆಗೆ. ಆ ದಿನಗಳಲ್ಲಿ ಹೊಸಪೇಟೆಯಲ್ಲಿ ನೀರಿಗಿಂತ ಹೆಚ್ಚು ಹರಿದದ್ದು ಹೇಳಿಕೆಗಳು. ಅಣೆಕಟ್ಟೆಯನ್ನು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಮಂಡಳಿ ಕೇಂದ್ರದ ಕೆಳಗೆ. ನೀರಿಗೆ ಪಾಲುದಾರರು ಕರ್ನಾಟಕ, ಆಂಧ್ರ, ತೆಲಂಗಾಣ. ವಿರೋಧ ಪಕ್ಷ ರಾಜ್ಯದ ಕಡೆ ಬೆರಳು ಮಾಡಿತು, ರಾಜ್ಯ ಮಂಡಳಿಯ ಕಡೆ ಮಾಡಿತು. ಮಂಡಳಿ ಕೇಂದ್ರದ್ದು, ನೀರು ಮೂರು ರಾಜ್ಯದ್ದು; ತುಕ್ಕು ಯಾರದ್ದು ಎಂಬುದು ಮಾತ್ರ ಯಾವ ನ್ಯಾಯಮಂಡಳಿಯ ಮುಂದೂ ಬಂದಿಲ್ಲ. 1953ರಲ್ಲಿ ಮುಗಿದ ಅಣೆಕಟ್ಟೆ ಅದು. ಎಪ್ಪತ್ತು ವರ್ಷ ಆ ಸರಪಳಿಗಳು ನೀರೊಳಗೆ ನಿಂತು ಕೆಲಸ ಮಾಡಿದ್ದವು. ಆಯುಧಪೂಜೆಗೆ ಅವಕ್ಕೆ ಕುಂಕುಮ ಹಚ್ಚಿರಬಹುದು. ಗ್ರೀಸು ಹಚ್ಚುವುದಕ್ಕೆ ಮುಹೂರ್ತ ಬೇಕಿಲ್ಲವಾದ್ದರಿಂದ ಅದು ಯಾರಿಗೂ ನೆನಪಾಗಿರಲಿಕ್ಕಿಲ್ಲ.

ಮೊದಲು ಕೇಳಿಬಂದ ಮಾತು ಏನೆಂದರೆ, ಸುಮಾರು 60 ಟಿಎಂಸಿ ಹೊರಬಿಟ್ಟು ಮಟ್ಟ ಇಳಿಸದೆ ಗೇಟು ಕೂರಿಸಲು ಸಾಧ್ಯವಿಲ್ಲ ಎಂಬುದು. ಅಂದರೆ ಇರುವ ನೀರಿನ ಅರ್ಧಕ್ಕೂ ಹೆಚ್ಚನ್ನು ಚೆಲ್ಲಿದ ಮೇಲೆ ಉಳಿದದ್ದನ್ನು ಉಳಿಸುವುದು. ಆಗ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸೋಣ ಎಂದರು. ಆ ಭೋರ್ಗರೆತದ ಮೇಲೆ ನಿಂತ ಕಾರ್ಮಿಕರು ಜೀವ ಪಣಕ್ಕಿಟ್ಟು ಇಳಿಸಿಯೂಬಿಟ್ಟರು. ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿತ್ತು. ಹುದ್ದೆಯಲ್ಲಿದ್ದವರು ಸಭೆ ನಡೆಸಿದರು, ನಿವೃತ್ತರಾದವರು ಗೇಟು ಕೂರಿಸಿದರು. ನಿವೃತ್ತಿ ವಯಸ್ಸನ್ನು ಇಳಿಸಿದರೆ ಇಂಥ ಕೆಲಸ ಇನ್ನಷ್ಟು ಆಗಬಹುದು ಎಂದು ಹಣಕಾಸು ಇಲಾಖೆಯ ಗಮನಕ್ಕೆ ತರಬಯಸುತ್ತೇನೆ. ಮಳೆ ಮತ್ತೆ ಬಂತು, ಜಲಾಶಯ ಮತ್ತೆ ತುಂಬಿತು, ಸೆಪ್ಟೆಂಬರ್‌ನಲ್ಲಿ ಬಾಗಿನವೂ ಆಯಿತು. ತಪ್ಪು ನಮ್ಮದು, ಪರಿಹಾರ ವರುಣನದ್ದು, ಫೋಟೊ ಸರ್ಕಾರದ್ದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತಜ್ಞರು ಬಂದು ಉಳಿದ ಗೇಟುಗಳನ್ನೂ ತಟ್ಟಿ ನೋಡಿದರು. 2025ರ ಮುಂಗಾರಿನಲ್ಲಿ 105.788 ಟಿಎಂಸಿ ಸಾಮರ್ಥ್ಯದ ಜಲಾಶಯದಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಬಾರದು ಎಂದಾಯಿತು. ಜಾಗ ಖಾಲಿ ಬಿಡಿ ಎಂದು ಎಷ್ಟು ತಜ್ಞರು ಹೇಳಿದರೂ ಕೇಳದವರು ತುಕ್ಕು ಹೇಳಿದಾಗ ಕೈಕಟ್ಟಿ ಕೇಳಿದರು. ಹೊಸ ಗೇಟು ಕೂರಿಸಬೇಕು, ಅದಕ್ಕೆ ನೀರು ಇಳಿಸಬೇಕು, ಆದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದರು. ಗಂಗಾವತಿ, ಸಿಂಧನೂರಿನ ರೈತ ತನ್ನ ಒಂದು ಬೆಳೆಯನ್ನು ಸರಪಳಿಗೆ ಒಪ್ಪಿಸಿದ. ಆತ ಕೊಟ್ಟ ಬಾಗಿನದ ಮುಂದೆ ರೇಷ್ಮೆ ಸೀರೆ ಯಾವ ಲೆಕ್ಕ?

ಆ 105 ಟಿಎಂಸಿಯೂ ಪೂರ್ತಿ ಲೆಕ್ಕವಲ್ಲ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅಧಿಕಾರಿಗಳಿಗೆ ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಮಂತ್ರಿಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ. ಎಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ, ಪ್ರತಿ ವರ್ಷ ಬಡ್ತಿ ಪಡೆಯುತ್ತ ಇರುವ ಸಿಬ್ಬಂದಿ ಹೂಳು ಒಂದೇ. ಅದು ನುಂಗಿದ ಜಾಗಕ್ಕೆ ಪರ್ಯಾಯವಾಗಿ ಕೊಪ್ಪಳದ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುತ್ತೇವೆ ಎಂದು ಹೇಳುತ್ತಲೇ ಇದ್ದಾರೆ. ಅದಕ್ಕೆ ಆಂಧ್ರ, ತೆಲಂಗಾಣದ ಒಪ್ಪಿಗೆ ಬೇಕು. ಅವರ ಒಪ್ಪಿಗೆ ಇಲ್ಲದೆ ನೀರನ್ನು ಹಿಡಿಯುವಂತಿಲ್ಲ. ಬಿಡಲು ಮಾತ್ರ ಯಾರೂ ತಕರಾರು ಎತ್ತಿಲ್ಲ.

ಕೃಷ್ಣೆಯ ಕಥೆ ಬೇರೆ ರಾಗ, ತಾಳ ಅದೇ. ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರದವರು ಆಲಮಟ್ಟಿಯ ಹಿನ್ನೀರೇ ಕಾರಣ ಎನ್ನುತ್ತಾರೆ. ಆಲಮಟ್ಟಿಯಲ್ಲಿ ನಾವು ನಿಲ್ಲಿಸುತ್ತಿರುವುದು 519.60 ಮೀಟರ್‌ಗೆ, ನ್ಯಾಯಮಂಡಳಿ 524.256ಕ್ಕೆ ಒಪ್ಪಿದ್ದು ಇನ್ನೂ ಕಾಗದದ ಮೇಲೇ ಇದೆ. ಅತ್ತ ಕೊಯ್ನಾದಿಂದ ನೀರು ಬಿಟ್ಟಾಗ, ಮುನ್ಸೂಚನೆ ಕೊಡದೆ ಬಿಟ್ಟರು ಎಂದು ಚಿಕ್ಕೋಡಿ, ಜಮಖಂಡಿಯಲ್ಲಿ ನಿಂತು ನಾವು ಕೂಗುತ್ತೇವೆ. ಮೇಲಿನ ರಾಜ್ಯ ಯಾವಾಗಲೂ ಹೇಳದೆ ನೀರು ಬಿಡುತ್ತದೆ, ಕೆಳಗಿನ ರಾಜ್ಯ ಯಾವಾಗಲೂ ಸುಳ್ಳು ದೂರುತ್ತದೆ. ಕರ್ನಾಟಕ ಒಂದೇ ವಾರದಲ್ಲಿ ಕೃಷ್ಣೆಯ ದಡದಲ್ಲಿ ಕೆಳಗಿನ ರಾಜ್ಯವೂ ಕಾವೇರಿಯ ದಡದಲ್ಲಿ ಮೇಲಿನ ರಾಜ್ಯವೂ ಆಗಬಲ್ಲದು. ಎರಡು ಕಡೆಗೂ ಬೇರೆ ಬೇರೆ ಭಾಷಣ ಸಿದ್ಧ ಇಟ್ಟುಕೊಂಡಿರುವುದು ನಮ್ಮ ಜಲತಜ್ಞತೆ.

ಈ ವಾದದ ಕೆಳಗೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಇದೆ. ನಾರಾಯಣಪುರದಿಂದ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ, ನಡುಗಡ್ಡೆಯ ಜನ ಅತ್ತಲೇ ಉಳಿಯುತ್ತಾರೆ. ಅವರಿಗಾಗಿ ಪ್ರಕಟಣೆ ಒಂದಿದೆ: ನದಿಪಾತ್ರದ ಜನರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಸೇತುವೆ ಮುಳುಗಿದ ಮೇಲೆ ಹೊರಟವರು ಎಲ್ಲಿಗೆ ತೆರಳಬೇಕು ಎಂಬುದನ್ನು ಪ್ರಕಟಣೆ ಹೇಳುವುದಿಲ್ಲ. ಪ್ರತಿ ವರ್ಷ ಅದೇ ಒಕ್ಕಣೆ, ಕ್ಯೂಸೆಕ್ ಅಂಕಿ ಮಾತ್ರ ಬದಲು. ಡಂಗುರದವನಿಗೆ ಅದು ಕಂಠಪಾಠವಾಗಿದೆ. ತುಂಗಭದ್ರೆಯ ಕಡೆ ಕಂಪ್ಲಿಯ ಸೇತುವೆಗೂ, ಹಂಪಿಯ ಪುರಂದರ ಮಂಟಪಕ್ಕೂ ಅಷ್ಟೇ; ಮಂಟಪಕ್ಕಂತೂ ಎಲ್ಲಿಗೂ ತೆರಳುವ ಅನುಕೂಲವಿಲ್ಲ.

ನದಿಗೆ ನೀರು ಬಿಡಲು ಯಾವ ಸಭೆಯೂ ಬೇಕಿಲ್ಲ. ಒಳಹರಿವು ಏರಿತು, ಗೇಟು ಎತ್ತಿದರು, ಮುಗಿಯಿತು. ಕಾಲುವೆಗೆ ಬಿಡಬೇಕಾದರೆ ಐಸಿಸಿ ಸಭೆ ಆಗಬೇಕು. ಕ್ರಿಕೆಟ್ಟಿನದ್ದಲ್ಲ, ನೀರಾವರಿ ಸಲಹಾ ಸಮಿತಿಯದ್ದು. ಸಭೆಗೆ ಮಂತ್ರಿಗಳು ಬರಬೇಕು, ಶಾಸಕರು ಬರಬೇಕು, ದಿನಾಂಕ ಕೂಡಿಬರಬೇಕು. ಅಷ್ಟರೊಳಗೆ ನಾಲೆಯ ಹೂಳು ತೆಗೆದಿರಬೇಕು. ಅದರ ಟೆಂಡರು ಮಳೆ ಶುರುವಾದ ಮೇಲೆ ಕರೆದಿರುತ್ತಾರೆ. ಹೀಗಾಗಿ ಹೊಳೆ ದಡ ಮೀರಿ ಹರಿಯುತ್ತಿರುವಾಗಲೇ ಕೊನೆ ಭಾಗದ ಕೆರೆಗಳ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಮಳವಳ್ಳಿ ಕಡೆಯ ರೈತನೊಬ್ಬ ನೀರುಗಂಟಿಯನ್ನು ಹಿಡಿದು ಕೇಳಿದನಂತೆ.

"ಅಲ್ಲ ಕಣಪ್ಪ, ಕಾವೇರವ್ವ ಹೊಳೆ ತುಂಬ ಓಯ್ತಾವ್ಳೆ. ನಮ್ಮ ನಾಲೆಗೆ ಯಾವಾಗ ಬಿಟ್ಟೀರಿ?"

"ಸಭೆ ಆಗ್ಬೇಕು ಕಣಣ್ಣ."

"ಯಾವಾಗಂತೆ ಸಭೆ?"

"ಮಂತ್ರಿಗಳು ಪ್ರವಾಹ ನೋಡಕ್ಕೆ ಓಗವ್ರೆ. ಇಳದ್ ಮ್ಯಾಲೆ ಬತ್ತಾರೆ."